ಗೆರೆಯ ಬಳಿ ನಿಲ್ಲುತ್ತಿದ್ದ ಉಸಿರು

ಎದೆಗೆ ಟೇಪು ಸುತ್ತಿದ ಕೂಡಲೇ ಮನುಷ್ಯನು ಉಬ್ಬುತ್ತಾನೆ. ಇದಕ್ಕೆ ಗೌಡನೂ ಹೊರತಲ್ಲ, ಗಾಡಿ ಹೊಡೆಯುವವನೂ ಹೊರತಲ್ಲ. ಆದ್ದರಿಂದ ನಮ್ಮೂರಿನ ಹೈಸ್ಕೂಲಿನ ಪಿ.ಟಿ. ಮಾಸ್ತರರು ಕಬಡ್ಡಿ ತಂಡದ ಹುಡುಗರನ್ನು ಸಾಲಾಗಿ ನಿಲ್ಲಿಸಿ, "ಉಸರ ಜಗ್ಗಿ ಎದಿ ಉಬ್ಬಸ್ರಲೇ, ಕಾಕಾ ಅಳತಿ ತಗೋತಾರ" ಎಂದು ಆಜ್ಞೆ ಮಾಡಿದಾಗ ನಾನು ಟೇಪನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡೆ.

"ಯಾಕ್ರಿ ಕಾಕಾ?"

"ಉಬ್ಬಿದ ಎದಿಗೆ ಅಂಗಿ ಹೊಲಿಯೂದು ನನ್ನ ಕೆಲಸ ಅಲ್ಲ ಮಾಸ್ತರ್ರ. ಅಂಗಿ ದಿನಾ ಹಾಕ್ಕೋತಾರ. ಉಬ್ಬೂದು ಒಂದ ಗಳಿಗಿ."

"ಅಂಗಿ ಸಲುವಾಗಿ ಅಷ್ಟ ಅಲ್ರಿ. ನಾ ತರಬೇತಿಗೆ ಹೋಗಿದ್ನೆಲ್ಲ, ಅಲ್ಲೆ ಹೇಳ್ಯಾರ. ಯಾರ ಎದಿ ಹೆಚ್ಚ ಹಿಗ್ಗತೈತಿ, ಅವನ ಉಸರ ಗಟ್ಟಿ. ಉಸರ ಗಟ್ಟಿ ಇದ್ದಾವನ ಮನಸ್ಸ ಗಟ್ಟಿ. ಹೆಂಗೂ ಟೇಪ ತಂದೀರಿ, ಅದನ್ನೂ ಅಳದ ಬಿಡೂಣು."

ಮನಸ್ಸನ್ನು ಇಂಚುಗಳಲ್ಲಿ ಅಳೆಯಬಹುದೆಂಬ ಸುದ್ದಿಯನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಏಳನೆಯ ಇಯತ್ತೆಯವರೆಗೆ ಮಾತ್ರ ಶಾಲೆಯಲ್ಲಿ ಓದಿದವನು. ಉಳಿದದ್ದನ್ನು ಪಂಚಾಯಿತಿಯ ವಾಚನಾಲಯದಲ್ಲಿ ನಾನೇ ಓದಿಕೊಂಡೆ. ಓದಿದ್ದನ್ನಾಗಲಿ ಕೇಳಿದ್ದನ್ನಾಗಲಿ ಒರೆಗೆ ಹಚ್ಚದೆ ಒಪ್ಪಿಕೊಂಡ ನೆನಪು ನನಗಿಲ್ಲ. ಇದು ಗುಣವೆಂದು ನಾನೂ, ರೋಗವೆಂದು ನನ್ನ ಹೆಂಡತಿಯೂ ಭಾವಿಸಿದ್ದೇವೆ.

ಒರೆಗೆ ಹಚ್ಚುವುದು ಅಲ್ಲಿ ಸುಲಭವಿತ್ತು. ಮೊದಲು ಮಾಸ್ತರರು ಹೇಳಿದಂತೆಯೇ ಎಲ್ಲರ ಎದೆಯನ್ನೂ ಅಳೆದೆ. ಕಿರಾಣಿ ಅಂಗಡಿಯವರ ಮಗನ ಎದೆ ಎಲ್ಲರಿಗಿಂತ ಹೆಚ್ಚು ಹಿಗ್ಗಿತು. ಇವನನ್ನು ತಂಡದವರು ದುಂಡ ಎಂದು ಕರೆಯುತ್ತಿದ್ದರು. ಎದುರಾಳಿಯ ಕಾಲು ಹಿಡಿಯಲು ಅಂಕಣದ ಮೂಲೆಯಲ್ಲಿ ನಿಲ್ಲುವುದು ಇವನ ಕೆಲಸ. ಎಲ್ಲರಿಗಿಂತ ಕಡಿಮೆ ಹಿಗ್ಗಿದ್ದು ತಂಡದ ಮುಖ್ಯ ರೇಡರನ ಎದೆ. ಎಡಗೈಯಿಂದ ಮುಟ್ಟಿ ಬರುತ್ತಿದ್ದ ಕಾರಣ ಅವನು ಎಲ್ಲರ ಬಾಯಲ್ಲಿ ಎಡಚ. ಆಮೇಲೆ ಒಂದೇ ಉಸಿರಿನಲ್ಲಿ ಆದಷ್ಟು ಹೊತ್ತು 'ಕಬಡ್ಡಿ ಕಬಡ್ಡಿ' ಎನ್ನಿರೆಂದು ಇಬ್ಬರಿಗೂ ಹೇಳಿದೆ. ದುಂಡನು ಬಂಡಿ ಎಳೆದು ಏರು ಹತ್ತಿದ ಎತ್ತಿನಂತೆ ಏದುತ್ತಾ ನಿಲ್ಲಿಸಿ, ನೀರಿನ ನಳದವರೆಗೆ ಹೋದ. ಎಡಚನ ದನಿ ಇನ್ನೂ ನಡೆದೇ ಇತ್ತು.

"ಏನಂತೀರಿ ಮಾಸ್ತರ್ರ?" ಎಂದೆ.

ಮಾಸ್ತರರು ಸೋತ ಮುಖ ಮಾಡಲಿಲ್ಲ, ಬದಲಾಗಿ ಮರುಗಿದರು. "ಇಂವ ಇಲ್ಲೆ ಅಗದಿ ಚಂದ ಹಾಡತಾನ್ರಿ ಕಾಕಾ. ಮ್ಯಾಚಿನ್ಯಾಗ ನಡುಗೆರಿ ದಾಟಿದ ಅಂದ್ರ ದನಿ ನಿಂತ ಹೋಗತೈತಿ. ಹೋದ ಮ್ಯಾಚಿನ್ಯಾಗ ನಿರ್ಣಾಯಕರು ಮತ್ತ ಮತ್ತ ಸೀಟಿ ಊದಿ ಹೊಳ್ಳಿ ಕಳಿಸಿದ್ರು. ಕಾಲಿಗೆ ಏನೂ ಆಗಿಲ್ಲ, ಕೈಗೆ ಏನೂ ಆಗಿಲ್ಲ. ಬರೇ ಉಸರ."

ಕಬಡ್ಡಿಯ ನಿಯಮವನ್ನು ಬಲ್ಲವರಿಗೆ ಇದರ ತೀವ್ರತೆ ತಿಳಿದೀತು. ಎದುರಾಳಿಗಳ ಅಂಕಣದೊಳಗೆ ಇರುವಷ್ಟು ಹೊತ್ತು ಆ ಶಬ್ದವನ್ನು ಒಂದೇ ಉಸಿರಿನಲ್ಲಿ, ಎಲ್ಲರಿಗೂ ಕೇಳುವಂತೆ ನುಡಿಯುತ್ತಿರಬೇಕು. ದನಿ ತುಂಡಾದರೆ ಕಾಲು ಎಷ್ಟೇ ಚುರುಕಾಗಿರಲಿ, ಹಿಂದಿರುಗಬೇಕು. ಎದುರಿನವರಿಗೆ ಒಂದು ಅಂಕವೂ ಹೋಗುತ್ತದೆ. ಕ್ರೀಡಾ ವಸತಿ ಶಾಲೆಗೆ ಮಕ್ಕಳನ್ನು ಆರಿಸುವವರು ಬರಲಿದ್ದದ್ದು ತಾಲೂಕು ಮಟ್ಟದ ಪಂದ್ಯಕ್ಕೆ. ವಯಸ್ಸಿನ ಮಿತಿಯ ಪ್ರಕಾರ ಎಡಚನಿಗೆ ಅದು ಕೊನೆಯ ಅವಕಾಶ. ಅಲ್ಲಿಯೂ ದನಿ ನಿಂತರೆ ಅವನನ್ನು ಯಾರೂ ಎರಡನೆಯ ಸಲ ನೋಡುತ್ತಿರಲಿಲ್ಲ.

"ಆ ವಸತಿ ಸಾಲ್ಯಾಗ ಮ್ಯಾಟಿನ ಮ್ಯಾಲೆ ಆಡಸ್ತಾರಂತ್ರಿ ಅಜ್ಜಾರ," ಎಂದು ಎಡಚ ಮೆಲ್ಲಗೆ ಹೇಳಿದ. "ಮಣಕಾಲ ಕೆತ್ತೂದಿಲ್ಲಂತ."

"ದಿನಾ ಊಟಕ್ಕ ಕೋಳಿತತ್ತಿನೂ ಕೊಡತಾರಂತ," ಎಂದು ನಳದ ಬಳಿಯಿಂದ ದುಂಡ ಪೂರೈಸಿದ.

ಅದೇ ವಾರ ಮಾಸ್ತರರನ್ನು ಮನೆ ಮನೆ ಸಮೀಕ್ಷೆಯ ಕೆಲಸಕ್ಕೆ ಹಾಕಿದರು. ಹೊರಡುವ ಮುನ್ನ ಅವರು ನನ್ನ ಅಂಗಡಿಗೆ ಬಂದು, "ಕಾಕಾ, ಇದನ್ನ ನಂಬೂದಿಲ್ಲ, ಅದನ್ನ ನಂಬೂದಿಲ್ಲ ಅಂತೀರೆಲ್ಲ, ನಂಬೂವಂಥಾದ್ದು ನೀವ ಹುಡಕಿ ಕೊಡ್ರಿ. ನಾ ಬರೂತನಕಾ ಹುಡುಗೂರ ಉಸರ ನಿಮ್ಮ ಕೈಯಾಗ" ಎಂದರು. ವಿವೇಕವಿದ್ದವನು ಹೊಲಿಯಬೇಕಾದ ಬಟ್ಟೆಗಳ ರಾಶಿಯನ್ನು ತೋರಿಸಿ ಕೈ ಮುಗಿಯುತ್ತಿದ್ದ. ನಾನು ಒಪ್ಪಿಕೊಂಡೆ.

ಮಾಸ್ತರರು ಕಲಿಸಿ ಹೋದ ಪದ್ಧತಿಗೆ ಚೌಕದ ಉಸಿರಾಟ ಎಂದು ಹೆಸರು. ಮನಸ್ಸಿನಲ್ಲಿ ಒಂದು ಚೌಕ ಬರೆದುಕೊಳ್ಳಬೇಕು. ಮೊದಲ ಬದಿಯಲ್ಲಿ ನಾಲ್ಕು ಎಣಿಸುತ್ತಾ ಉಸಿರನ್ನು ಒಳಗೆ ಎಳೆಯಬೇಕು. ಎರಡನೆಯ ಬದಿಯಲ್ಲಿ ನಾಲ್ಕು ಎಣಿಸುವವರೆಗೆ ಒಳಗೇ ತಡೆಯಬೇಕು. ಮೂರನೆಯದರಲ್ಲಿ ಹೊರಗೆ ಬಿಡಬೇಕು. ನಾಲ್ಕನೆಯದರಲ್ಲಿ ಬರಿದಾಗಿಯೇ ಇರಬೇಕು. ಆಟಗಾರನ ಗಾಬರಿ ಇದರಿಂದ ಇಳಿದು ಬುದ್ಧಿ ಸ್ಥಿರವಾಗುತ್ತದೆ ಎಂಬುದು ಅವರ ಮಾತು. ಮಕ್ಕಳ ಮೇಲೆ ಪ್ರಯೋಗಿಸುವ ಮೊದಲು ಸ್ವಂತ ದೇಹದ ಮೇಲೆ ಪ್ರಯೋಗಿಸಬೇಕೆಂದು ನಾನು ಹೊಲಿಗೆ ಯಂತ್ರದ ಮುಂದೆಯೇ ಕುಳಿತು ಆರಂಭಿಸಿದೆ.

ನಾನು ನಾಲ್ಕನೆಯ ಬದಿಯಲ್ಲಿದ್ದಾಗ ಮೂಲಿಮನಿಯ ಹೆಣ್ಣುಮಗಳು ಬಂದು, "ಅಣ್ಣಾರ, ನನ್ನ ಜಂಪರ ಆತೇನ್ರಿ?" ಎಂದು ಕೇಳಿದಳು. ಉತ್ತರಿಸಲು ಎದೆಯಲ್ಲಿ ಗಾಳಿಯಿರಲಿಲ್ಲ. ತಾಳು ಎನ್ನುವಂತೆ ಕೈ ಎತ್ತಿದೆ. ಕಣ್ಣು ಅರಳಿಸಿ, ಬಾಯಿ ಬಿಗಿಹಿಡಿದು, ಕೈ ಎತ್ತಿ ಕುಳಿತ ಮುದುಕನನ್ನು ಕಂಡು ಅವಳು ನೇರವಾಗಿ ನಮ್ಮ ಹಿತ್ತಿಲಿಗೆ ಓಡಿದಳು. ನನ್ನ ಹೆಂಡತಿ ಬಿಸಿನೀರಿನ ತಂಬಿಗೆ ಹಿಡಿದು ಬಂದಳು.

"ಎದಿ ಹಿಡದೈತೇನ್ರಿ?"

"ಎದಿ ಹಿಡದಿಲ್ಲ. ನಾನ ಹಿಡದೇನಿ."

"ಏನ್ನ?"

"ಉಸರ."

"ಯಾಕ? ಯಾರರ ಒಯ್ಯಾಕ ಬಂದಿದ್ರೇನು ಅದನ್ನ?"

ಅಂದು ಸಂಜೆಯೊಳಗೆ ಊರಿನಲ್ಲಿ ನನ್ನ ಬಗ್ಗೆ ಎರಡು ವಾರ್ತೆಗಳು ಹರಡಿದವು. ಒಂದರ ಪ್ರಕಾರ ನನಗೆ ಲಕ್ವಾ ಹೊಡೆದಿತ್ತು. ಇನ್ನೊಂದರ ಪ್ರಕಾರ ನಾನು ಮೌನವ್ರತ ಹಿಡಿದಿದ್ದೆ. ಜಂಪರ ತಡವಾದ ಕಾರಣವನ್ನು ಮಾತ್ರ ಯಾರೂ ಕೇಳಲಿಲ್ಲವಾದ್ದರಿಂದ ನಾನು ಯಾವುದನ್ನೂ ತಿದ್ದಲು ಹೋಗಲಿಲ್ಲ.

ನಮ್ಮ ಶಾಲೆಯ ಬಯಲು ಎರೆ ಮಣ್ಣಿನದು. ಮಳೆ ಬಿದ್ದರೆ ಒಂದೊಂದು ಹೆಜ್ಜೆಗೂ ಒಂದೊಂದು ಸೇರು ಮಣ್ಣು ಕಾಲಿಗೆ ಹತ್ತುತ್ತದೆ. ಅದಕ್ಕೆಂದು ಕೆಂಪು ಗರಸು ಮಣ್ಣು ಹರವಿ ಅಂಕಣ ಮಾಡಿದ್ದರು. ಹೆಸರುಕಾಳಿನ ಕಾಯಿ ಬಿಡಿಸುವ ಸುಗ್ಗಿಯಾದ್ದರಿಂದ ಹುಡುಗರು ಹೊಲದಿಂದಲೇ ಬರುತ್ತಿದ್ದರು. ಅವರನ್ನು ಸುತ್ತ ಕೂರಿಸಿ, ಊಟದ ತಾಟಿಗೆ ಕತ್ತರಿಯಿಂದ ತಾಳ ಹಾಕುತ್ತಾ ಚೌಕವನ್ನು ಆರಂಭಿಸಿದೆ. ಒಬ್ಬನಿಗೆ ನಗು ಬಂತು. ಅವನಿಂದ ಎಲ್ಲರಿಗೂ ಹತ್ತಿತು. ಇನ್ನೊಬ್ಬನಿಗೆ ಬಿಕ್ಕಳಿಕೆ ಹಿಡಿಯಿತು. ದಿನವೆಲ್ಲ ಹೆಸರು ಬಿಡಿಸಿ ದಣಿದಿದ್ದ ಮತ್ತೊಬ್ಬ ಮೂರನೆಯ ಬದಿಯಲ್ಲಿಯೇ ನಿದ್ದೆ ಹೋದ.

ಆದರೆ ದುಂಡನಿಗೆ ಚೌಕ ಒಪ್ಪಿತು. ಹಿಂದೆ ಅವನು ಎದುರಾಳಿ ಹತ್ತಿರ ಬರುವ ಮೊದಲೇ ಹಾರಿ ಬಿದ್ದು ಮೋಸಹೋಗುತ್ತಿದ್ದ. ಈಗ ಮೂಲೆಯಲ್ಲಿ ಬೆಕ್ಕಿನಂತೆ ಕಾಯತೊಡಗಿದ. ಮಾಸ್ತರರ ಪದ್ಧತಿ ಸುಳ್ಳಲ್ಲವೆಂದು ನಾನು ಒಪ್ಪಲೇಬೇಕಾಯಿತು. ಒಪ್ಪಲು ತುಸು ಸಮಯ ತೆಗೆದುಕೊಂಡೆ, ಅಷ್ಟೆ.

ಎಡಚನಿಗೆ ಮಾತ್ರ ಅದರಿಂದ ಏನೂ ಆಗಲಿಲ್ಲ. ಅವನ ಉಸಿರು ಸರಿಯಾಗಿ ಎಲ್ಲಿ ನಿಲ್ಲುತ್ತದೆಂದು ತಿಳಿಯಲು ನಾನು ನನ್ನದೇ ಒಂದು ಉಪಾಯ ಹೂಡಿದೆ. ಹಣೆಗೆ ಪಟ್ಟಿ ಕಟ್ಟಿ, ಅದರಿಂದ ಒಂದು ನೂಲಿನ ಎಳೆಯನ್ನು ತುಟಿಯ ಮುಂದೆ ಇಳಿಬಿಟ್ಟೆ. ಉಸಿರು ಹೊರಗೆ ಬರುತ್ತಿದ್ದರೆ ಎಳೆ ಅಲುಗಬೇಕು, ನಿಂತರೆ ನಿಲ್ಲಬೇಕು. ಯುಕ್ತಿ ನಿರ್ದೋಷವಾಗಿತ್ತು, ನಮ್ಮ ಬಯಲಿನ ಗಾಳಿಯನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಎಡಚ ಬಾಯಿ ಮುಚ್ಚಿ ನಿಂತಾಗಲೂ ಎಳೆ ಕುಣಿಯುತ್ತಿತ್ತು. ಮದುಮಗನ ಬಾಸಿಂಗದಂತೆ ನೂಲು ಕಟ್ಟಿಕೊಂಡು ನಿಂತ ಅವನಿಗೆ ತಂಡದವರು ಅಕ್ಕಿಕಾಳು ಹಾಕುವ ನಟನೆ ಮಾಡಿದರು.

ಈ ನಡುವೆ ತಂಡದ ನಾಯಕನು ಫೋನು ಹಿಡಿದು ಬಂದ. "ಅಜ್ಜಾರ, ಇದರಾಗ ಒಬ್ಬಾಂವ ಜೋರ ಜೋರ ಉಸರಾಡ್ರಿ, ಹುಲಿ ಆಗತೀರಿ ಅಂತ ಹೇಳ್ಯಾನ್ರಿ."

"ಅಂವ ಹುಲಿ ಆಗ್ಯಾನೇನು?"

"ನೋಡಾಕ ಹಂಗ ಅದಾನ್ರಿ."

ನನಗೆ ನಂಬಿಕೆಯಿರಲಿಲ್ಲ. ಆದರೆ ಪರೀಕ್ಷಿಸದೆ ನಿರಾಕರಿಸುವುದೂ ಪರೀಕ್ಷಿಸದೆ ಒಪ್ಪುವುದಕ್ಕೆ ಸಮಾನವಾದ ಮೂಢತನವೇ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತಿದಿಯಂತೆ ಉಸಿರಾಡಲು ಹೇಳಿದೆ. ಸ್ವಲ್ಪ ಹೊತ್ತಿನಲ್ಲಿ ಒಬ್ಬನು ತುಟಿ ಜುಮುಗುಡುತ್ತದೆ ಎಂದ. ಇನ್ನೊಬ್ಬನು ಬೆರಳು ಸೆಟೆಯುತ್ತಿವೆ ಎಂದ. ದುಂಡನು ಎರಡೂ ಕೈಗಳಿಂದ ನೆಲವನ್ನು ಹಿಡಿದು ಕುಳಿತು, "ಅಜ್ಜಾರ, ಭೂಮಿ ತಿರಗಾಕತ್ತೈತ್ರಿ" ಎಂದ. ಭೂಮಿ ತಿರುಗುತ್ತದೆಂಬುದು ನನಗೂ ಗೊತ್ತಿತ್ತು, ಆದರೆ ಅದು ಯಾರಿಗೂ ಗೊತ್ತಾಗುವಂತೆ ತಿರುಗಬಾರದು. ಕೂಡಲೇ ನಿಲ್ಲಿಸಿ ಎಲ್ಲರನ್ನೂ ಅಲ್ಲಿಯೇ ಮಲಗಿಸಿದೆ. ಆ ಕ್ಷಣಕ್ಕೆ ಸರಿಯಾಗಿ ಮುಖ್ಯೋಪಾಧ್ಯಾಯಿನಿಯವರು ಹೊರಗೆ ಬಂದರು.

"ಏನ ಕುಡಿಸೀರಿ ಇವರಿಗೆ?"

"ಗಾಳಿ ಕುಡಿಸೇನ್ರಿ ಬಾಯಾರ."

"ಇನ್ನ ಮ್ಯಾಲೆ ಕುಡಿಸಬ್ಯಾಡ್ರಿ."

ಅವರ ಮಾತು ಸರಿಯಾಗಿತ್ತು. ಅತಿಯಾಗಿ ಉಸಿರಾಡಿದರೆ ರಕ್ತದಲ್ಲಿ ಒಂದಿಷ್ಟು ಉಳಿಯಲೇಬೇಕಾದ ಇಂಗಾಲದ ಗಾಳಿಯೂ ಹೊರಟುಹೋಗಿ ತಲೆ ತಿರುಗುತ್ತದೆಂದು ವಾಚನಾಲಯದ ಶರೀರಶಾಸ್ತ್ರದ ಪುಸ್ತಕದಲ್ಲಿ ಮರುದಿನ ಓದಿದೆ. ಹಿಂದಿನ ದಿನ ಓದಬೇಕಿತ್ತು.

ಪಕ್ಕದ ಊರಿನ ತಂಡದೊಡನೆ ಅಭ್ಯಾಸಪಂದ್ಯ ಏರ್ಪಟ್ಟಾಗ ಎಡಚನಿಗೆ ಬೇರೆ ದಾರಿ ಕಾಣದೆ, "ಗೆರಿ ದಾಟೂ ಮುಂಚೆ ಚೌಕ ಮಾಡು, ಎಣಸೂದು ತಪ್ಪಬ್ಯಾಡ" ಎಂದು ಹೇಳಿ ಕಳಿಸಿದೆ. ಅವನು ವಿಧೇಯ ಹುಡುಗ. ಗೆರೆಯ ಬಳಿ ನಿಂತು ಕಣ್ಣು ಮುಚ್ಚಿದ, ಎಣಿಸಿದ, ಕಣ್ಣು ತೆರೆದ, ಜಿಂಕೆಯಂತೆ ಒಳಗೆ ನುಗ್ಗಿದ. ದನಿ ನಿಲ್ಲಲಿಲ್ಲ, ಖಣಖಣ ಕೇಳುತ್ತಿತ್ತು. ಆದರೆ ಅವನು ನುಡಿಯುತ್ತಿದ್ದದ್ದು, "ಒಂದು ಎರಡು ಮೂರು ನಾಕು, ಒಂದು ಎರಡು ಮೂರು ನಾಕು!"

ನಿರ್ಣಾಯಕರು ಸೀಟಿ ಊದಿ, "ತಮ್ಮಾ, ಅಂಕಿ ಸಾಲ್ಯಾಗ ಹೇಳು" ಎಂದರು.

"ಐದ ಬರೂದಿಲ್ಲೇನಲೇ ನಿನಗ?" ಎಂದು ಆ ಊರಿನವನೊಬ್ಬ ಕೂಗಿದ. ಆಮೇಲೆ ಎಡಚ ಒಳಗೆ ಕಾಲಿಟ್ಟಾಗಲೆಲ್ಲ ಆ ಊರಿಗೆ ಊರೇ, "ಐದು! ಐದು!" ಎಂದು ಅವನಿಗೆ ನೆರವಾಯಿತು.

ಮರುದಿನದಿಂದ ಎಡಚ ಬಯಲಿಗೆ ಬರಲಿಲ್ಲ. ಹೆಸರು ಬಿಡಿಸಲು ಹೋಗುತ್ತಾನೆಂದು ದುಂಡ ತಿಳಿಸಿದ. "ಕಬಡ್ಡಿ ಬ್ಯಾಡಂತ್ರಿ ಅವಂಗ. ತತ್ತೀನೂ ಬ್ಯಾಡಂತ" ಎಂದಾಗ ದುಂಡನ ದನಿಯಲ್ಲಿ, ಇದಕ್ಕಿಂತ ದೊಡ್ಡ ವೈರಾಗ್ಯವನ್ನು ತಾನು ಕಂಡಿಲ್ಲವೆಂಬ ಭಾವವಿತ್ತು.

ಅಪಮಾನವಾದದ್ದು ಹುಡುಗನಿಗೆ, ಹಾಗೆ ಎಣಿಸಲು ಹೇಳಿ ಕಳಿಸಿದವನು ನಾನು. ಅವನನ್ನು ಕರೆಯಲು ನನಗೊಂದು ನೆಪ ಬೇಕಿತ್ತು. ಅದು ಸಿದ್ಧವಾಗಿಯೇ ಇತ್ತು. ಮಾಸ್ತರರ ಮಾತು ನಡೆಯಲೆಂದು ಅಂದು ಉಬ್ಬಿಸಿಯೇ ಅಳೆದ ಎದೆಗೆ ಹೊಲಿದ ಅವನ ಅಂಗಿ, ಉಬ್ಬದ ಎದೆಯ ಮೇಲೆ ಗೋಣಿಚೀಲದಂತೆ ಜೋತಾಡುತ್ತಿತ್ತು. ಹೊಸದಾಗಿ ಅಳತೆ ಬೇಕೆಂದು ಹೆಂಡತಿಯ ಮೂಲಕ ಹೇಳಿಕಳಿಸಿದೆ. ಅವಳು ಹೋಗಿ ಏನು ಹೇಳಿದಳೋ, ಹುಡುಗ ಬಂದ.

"ಅಂಗಿ ಯಾಕ್ರಿ ಅಜ್ಜಾರ, ನಾ ಆಡೂದಿಲ್ಲ" ಎಂದ.

"ಆಡಬ್ಯಾಡ. ಅಂಗಿ ಸರಿ ಮಾಡಿ ಕೊಡೂದು ನನ್ನ ಧರ್ಮ. ಕೈ ಎತ್ತು."

ಟೇಪು ಸುತ್ತಿದೆ. ಎಂದಿನಂತೆ ಉಬ್ಬಿದ. ಇಂಥವರಿಗೆ 'ಉಬ್ಬಬ್ಯಾಡ' ಎಂದು ಹೇಳಿ ಉಪಯೋಗವಿಲ್ಲ. ಹೇಳಿದರೆ ಇನ್ನಷ್ಟು ಬಿಗಿಯುತ್ತಾರೆ. ನಾವು ದರ್ಜಿಗಳು ಒಂದು ಪ್ರಶ್ನೆ ಕೇಳುತ್ತೇವೆ. ಉತ್ತರ ಹೇಳಹೋದರೆ ಉಸಿರು ಹೊರಗೆ ಬರಲೇಬೇಕು, ಹೆಗಲು ಇಳಿಯಲೇಬೇಕು. ಮಾತು ಮುಗಿಯುವಷ್ಟರಲ್ಲಿ ನಾವು ಟೇಪನ್ನು ಎಳೆದು ನಿಜವಾದ ಅಳತೆಯನ್ನು ಹಿಡಿದುಬಿಡುತ್ತೇವೆ. ಕೈ ತನ್ನಷ್ಟಕ್ಕೆ ಮಾಡುವ ಕೆಲಸವಿದು. ನಾನು ಯೋಚಿಸದೆ ಕೇಳಿದೆ: "ಮಧ್ಯಾಹ್ನ ಏನ ಉಂಡೀಪಾ?"

"ರೊಟ್ಟಿ, ಮಡಕಿಕಾಳ ಪಲ್ಯಾ, ಮ್ಯಾಲೆ ಮೊಸರನ್ನ ಉಂಡೇನ್ರಿ."

ಟೇಪು ನನ್ನ ಬೆರಳುಗಳ ನಡುವೆ ಸಡಿಲವಾಯಿತು. ಅಳತೆ ಹಿಡಿಯಬೇಕಾದ ಕೈ ಅಲ್ಲಿಯೇ ನಿಂತಿತು.

"ತಮ್ಮಾ, ಹಿಂಗ ನಿಂದರು. ಈಗ ನೀ ನಡುಗೆರಿ ಮುಂದ ನಿಂತಿ ಅನ್ಕೋ. ಎದುರಿನಾವ್ರು ಕೈ ಕೈ ಹಿಡದ ನಿಂತಾರ. ಹೊಂಟಿ."

ಟೇಪು ಬಿಗಿಯಿತು. ಇನ್ನಷ್ಟು ಬಿಗಿಯಿತು. ಅವನ ಹೆಗಲುಗಳು ಕಿವಿಯ ಹತ್ತಿರ ಬಂದವು. ಇಳಿಯಲೆಂದು ಕಾದೆ, ಇಳಿಯಲಿಲ್ಲ. ತುಂಬಿದ ಎದೆಯ ಮೇಲೆ ಅವನು ಇನ್ನೊಂದು ಗುಟುಕು ಉಸಿರನ್ನು ಎಳೆದುಕೊಂಡ.

"ಬಿಟ್ಟ್ಯೇನಲೇ ಉಸರ?"

"ಯಾವಾಗ ಬಿಡಬೇಕ್ರಿ?"

"ಅಂದ್ರ ನೀ ಬಿಡೂದ ಇಲ್ಲೇನು?"

"ಎಲ್ಲಾರೂ ಉಸರ ತಗೋ ತಗೋ ಅಂತಾರ್ರಿ ಅಜ್ಜಾರ. ಬಿಡು ಅಂತ ಯಾರೂ ಹೇಳಿಲ್ಲ."

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, "ಅಯ್ಯ ಶಿವನ, ಇಷ್ಟ ದಿನಾ ಹುಡುಗನ್ನ ಬರೇ ತುಂಬಾಕತ್ತಿದ್ರೇನ್ರಿ?" ಎಂದಳು. ಮಾಸ್ತರರ ಚೌಕದಲ್ಲಿ ಬಿಡುವ ಬದಿಯೂ ಇತ್ತು ನಿಜ. ಆದರೆ ಗೆರೆಯ ಮುಂದೆ ಬಂದಾಗ ಈ ಹುಡುಗ ಎಣಿಕೆಯನ್ನು ಮಾತ್ರ ನಡೆಸಿ, ಎದೆಯನ್ನು ತುಂಬಿಸಿಯೇ ಇಡುತ್ತಿದ್ದ. ಅವನಲ್ಲಿ ಉಸಿರಿನ ಕೊರತೆ ಇರಲಿಲ್ಲ, ಉಸಿರು ಹೆಚ್ಚಾಗಿತ್ತು. ಹೆಚ್ಚಾದದ್ದು ಗಂಟಲಿಗೆ ಬಂದು ಬಾಗಿಲನ್ನು ಮುಚ್ಚುತ್ತಿತ್ತು.

ಆಗಲೇ ನಿರ್ಧರಿಸಿದೆ: ಎಡಚನಿಗೆ ಚೌಕ ಬೇಡ, ಎಣಿಕೆ ಬೇಡ, ನೂಲು ಬೇಡ. ಗೆರೆ ದಾಟುವ ಮೊದಲು ಒಳಗಿದ್ದದ್ದನ್ನು ಪೂರ್ತಿ ಬಿಡುವುದೊಂದೇ ಅಭ್ಯಾಸ. ಬರಿದಾದ ಎದೆಗೆ ತುಂಬಿಕೊಳ್ಳುವುದನ್ನು ಯಾರೂ ಕಲಿಸಬೇಕಾಗಿಲ್ಲ. ಅದು ತನಗೆ ಬೇಕಾದಷ್ಟನ್ನು ತಾನೇ ತೆಗೆದುಕೊಳ್ಳುತ್ತದೆ. ಹುಡುಗನಿಗೆ ಇಷ್ಟನ್ನೇ ಹೇಳಿದೆ. "ಒಂದ ಸಲ ನೋಡೂಣೇನು?" ಎಂದಾಗ ಅವನು ಎದೆಯ ಮೇಲಿನ ಟೇಪನ್ನು ಬಿಚ್ಚಿ ನನ್ನ ಕೈಗಿಟ್ಟು, "ಎಣಸೂದು ಇಲ್ಲಂದ್ರ ಬರತೇನ್ರಿ" ಎಂದ.

ಆದರೆ 'ಉಸಿರು ಬಿಡು' ಎಂದು ಆಜ್ಞಾಪಿಸಿದರೆ ಅವನು ಆ ಆಜ್ಞೆಗೂ ಒಂದು ಗುಟುಕು ಉಸಿರು ಎಳೆದುಕೊಳ್ಳುತ್ತಿದ್ದ. ಆದ್ದರಿಂದ ಪ್ರಶ್ನೆಯನ್ನೇ ಸಾಧನವಾಗಿ ಇಟ್ಟುಕೊಂಡೆ. ನಾನು ಗೆರೆಯ ಬಾಜೂಕೆ ನಿಂತು ಕೇಳುವುದು. ಅವನು ಪೂರ್ಣ ವಾಕ್ಯದಲ್ಲಿ, ಉಸಿರಿನ ಕೊನೆಯವರೆಗೆ ಉತ್ತರಿಸುವುದು. ತಾನಾಗಿ ಒಳಬಂದ ಉಸಿರಿನ ಮೇಲೆ ಮೆಲ್ಲಗೆ 'ಕಬಡ್ಡಿ' ಆರಂಭಿಸುವುದು. ಪ್ರಶ್ನೆಗಳಲ್ಲಿಯೂ ತಾರತಮ್ಯವಿತ್ತು. ಪಾಠದ ಪ್ರಶ್ನೆ ಕೇಳಿದರೆ ಹೆಗಲು ಮತ್ತೆ ಮೇಲೇರುತ್ತಿತ್ತು. ಎಮ್ಮೆಯ ಬಗ್ಗೆ ಕೇಳಿದರೆ ಉತ್ತರ ಚಿಕ್ಕದಾಗುತ್ತಿತ್ತು. ಊಟದ ಪ್ರಶ್ನೆಯೊಂದೇ ಎದೆಯನ್ನು ಪೂರ್ತಿ ಇಳಿಸುತ್ತಿತ್ತು.

ಪಂದ್ಯದಲ್ಲಿ ನಾನು ಅಂಕಣದೊಳಗೆ ನಿಂತು ಊಟ ವಿಚಾರಿಸಲು ಬರುವುದಿಲ್ಲವಾದ್ದರಿಂದ ಆ ಹೊಣೆಯನ್ನು ದುಂಡನಿಗೆ ವಹಿಸಿದೆ. ಇದಕ್ಕಿಂತ ಯೋಗ್ಯ ವ್ಯಕ್ತಿ ತಾಲೂಕಿನಲ್ಲಿಯೇ ಇರಲಿಲ್ಲ. ಅವನು ಕೇಳುತ್ತಿದ್ದದ್ದು ಅಭ್ಯಾಸಕ್ಕಾಗಿ ಅಲ್ಲ, ನಿಜವಾಗಿಯೂ ತಿಳಿದುಕೊಳ್ಳಲು.

ತಾಲೂಕು ಪಂದ್ಯದ ದಿನ ಟಂಟಂ ಗಾಡಿಯಲ್ಲಿ ಹೋದೆವು. ಮಾಸ್ತರರೂ ಸಮೀಕ್ಷೆ ಮುಗಿಸಿ ನೇರವಾಗಿ ಅಲ್ಲಿಗೆ ಬಂದಿದ್ದರು. ಆರಿಸಲು ಬಂದವರು ಒಬ್ಬ ಹೆಣ್ಣುಮಗಳು. ತಲೆಗೆ ಟೊಪ್ಪಿಗೆ, ಕೊರಳಲ್ಲಿ ಸೀಟಿ, ಮುಖದಲ್ಲಿ ಯಾವ ಭಾವವೂ ಇಲ್ಲ. ನಾನು ಜನರ ನಡುವೆ ಕುಳಿತೆ.

ಎಡಚನ ಮೊದಲ ಸರದಿ ಬಂತು. ಗೆರೆಯ ಬಳಿ ಹೋಗುತ್ತಿದ್ದವನಿಗೆ ದುಂಡ ಕೂಗಿ ಕೇಳಿದ: "ಲೇ, ಮುಂಜಾನೆ ಏನ ತಿಂದಿ?"

"ಉಪ್ಪಿಟ್ಟ."

"ಬರೇ ಉಪ್ಪಿಟ್ಟ?"

"ಉಪ್ಪಿಟ್ಟ, ಮ್ಯಾಲೆ ಶೇವ, ಒಂದ ಬಾಳಿಹಣ್ಣ, ಆಮ್ಯಾಲೆ ನಿನ್ನ ಡಬ್ಬ್ಯಾಗಿನ ಚಕ್ಕುಲಿ."

"ನನ್ನ ಚಕ್ಕುಲಿ?"

ಅಷ್ಟರಲ್ಲಿ ಎಡಚ ಗೆರೆ ದಾಟಿದ್ದ. ದನಿ ಮೆಲ್ಲಗೆ ಆರಂಭವಾಗಿ, ನಡುವೆ ಎಲ್ಲಿಯೂ ತುಂಡಾಗದೆ, ಒಬ್ಬನನ್ನು ಮುಟ್ಟಿ ಹಿಂದಿರುಗುವವರೆಗೂ ನಡೆಯಿತು. ಎರಡನೆಯ ಸರದಿಯಲ್ಲಿ ಮಧ್ಯಾಹ್ನದ ಊಟದ ವಿಚಾರ ಬಂತು, ಇನ್ನೊಬ್ಬ ಔಟಾದ. ಆಗ ಎದುರಿನ ತಂಡದ ಮಾಸ್ತರರು ಎದ್ದು ನಿರ್ಣಾಯಕರ ಬಳಿಗೆ ಧಾವಿಸಿದರು.

"ಸರ್, ಇದು ಕೋಡ್ ಐತ್ರಿ. ಉಪ್ಪಿಟ್ಟ ಅಂದ್ರ ಬಲಕ್ಕ, ಚಕ್ಕುಲಿ ಅಂದ್ರ ಎಡಕ್ಕ!"

"ಕೋಡ್ ಅಲ್ರಿ ಸರ್," ಎಂದು ದುಂಡ ಕಣ್ಣು ತುಂಬಿಕೊಂಡು ನಿವೇದಿಸಿದ. "ಖರೇನ ನನ್ನ ಚಕ್ಕುಲಿ ತಿಂದಾನ್ರಿ."

ನಿರ್ಣಾಯಕರು ಇಬ್ಬರ ಮುಖವನ್ನೂ ನೋಡಿ, "ಕೋಡ್ ಅರ ಇರಲಿ, ಚಕ್ಕುಲಿ ಅರ ಇರಲಿ. ಇನ್ನ ಮ್ಯಾಲೆ ಗೆರಿ ಹತ್ರ ಯಾರೂ ಮಾತಾಡಂಗಿಲ್ಲ" ಎಂದು ತೀರ್ಪಿತ್ತರು.

ಮುಂದಿನ ಸರದಿಯಲ್ಲಿ ಎಡಚನ ಹೆಗಲುಗಳು ಏರುವುದು ನನಗೆ ಅಷ್ಟು ದೂರದಿಂದಲೂ ಕಂಡಿತು. ಒಳಗೆ ಹೋದ, ಎರಡು ಹೆಜ್ಜೆಗೆ ದನಿ ತುಂಡಾಯಿತು, ಸೀಟಿ. ಅದರ ಮುಂದಿನ ಸಲವೂ ಅದೇ. ಆಯ್ಕೆಗಾರ್ತಿ ಬೇರೆ ಅಂಕಣದತ್ತ ಮುಖ ತಿರುಗಿಸಿದರು. ನಮ್ಮ ತಂಡ ಹಿಂದೆ ಬಿದ್ದಿತ್ತು, ಆಟ ಮುಗಿಯುತ್ತ ಬಂದಿತ್ತು. ಮಾಸ್ತರರು ಬದಲಿ ಹುಡುಗನನ್ನು ಎಬ್ಬಿಸಿ ನಿಲ್ಲಿಸಿದರು. ಎಡಚ ಅವರನ್ನು ನೋಡಿದ, ಆಮೇಲೆ ಜನರ ನಡುವೆ ನನ್ನನ್ನು ಹುಡುಕಿ ನೋಡಿದ. ನಾನು ಮಾಸ್ತರರ ಕಡೆ ಕೈ ಮುಗಿದೆ. ಆ ಕೈಗಳಲ್ಲಿ ಯಾವ ವಾದವೂ ಇರಲಿಲ್ಲ. ಬೇಡಿಕೆ ಮಾತ್ರ ಇತ್ತು. ಮಾಸ್ತರರು ತಲೆ ಕೆರೆದುಕೊಂಡು ಬದಲಿ ಹುಡುಗನಿಗೆ ಕೂರಲು ಸನ್ನೆ ಮಾಡಿ, ಎಡಚನತ್ತ 'ಇದೊಂದ' ಎಂದು ಬೆರಳು ತೋರಿಸಿದರು.

ಎಡಚ ಗೆರೆಯ ಬಳಿ ನಿಂತ. ಎದೆ ಆಗಲೇ ತುಂಬಿತ್ತು. ಮಾತನಾಡುವಂತಿಲ್ಲದ ದುಂಡ ಮೂಲೆಯಿಂದ ಅವನನ್ನು ನೋಡಿ, ಏನು ಮಾಡಬೇಕೆಂದು ತೋಚದೆ, ಬರಿದಾದ ಡಬ್ಬಿಯನ್ನು ತೆರೆದು ನೋಡುವವನಂತೆ ಎರಡೂ ಕೈಗಳನ್ನು ಬಿಡಿಸಿ, ಹೊಟ್ಟೆಯ ಮೇಲೆ ಕೈಯಾಡಿಸಿ, ಅತ್ಯಂತ ದುಃಖದಿಂದ ತಲೆ ಅಲ್ಲಾಡಿಸಿದ.

ಎಡಚನಿಗೆ ನಗು ಬಂತು. ಬಗ್ಗಿ, ಮಣಕಾಲಿಗೆ ಕೈಯೂರಿ ನಕ್ಕ. ನಕ್ಕು ಎದ್ದಾಗ ಅವನ ಹೆಗಲು ಇಳಿದಿತ್ತು. ನಗುವಿಗಿಂತ ಚೆನ್ನಾಗಿ ಎದೆಯನ್ನು ಬರಿದು ಮಾಡುವ ಸಾಧನ ಇನ್ನೊಂದಿಲ್ಲವೆಂಬುದು ನನ್ನ ತಲೆಗೆ ಹೊಳೆದಿರಲಿಲ್ಲ, ಯಾವ ಪುಸ್ತಕದಲ್ಲಿಯೂ ನಾನು ಓದಿರಲಿಲ್ಲ.

ಅವನು ಒಳಗೆ ಹೋದ. ದನಿ ಹೊರಟಿತು. ಒಬ್ಬನನ್ನು ಮುಟ್ಟಿದ, ಹೊರಳಿ ಇನ್ನೊಬ್ಬನನ್ನು ಮುಟ್ಟಿದ. ಹಿಂದಿರುಗುವಾಗ ಮೂರನೆಯವನು ಕಾಲು ಹಿಡಿದ. ನಾಲ್ವರು ಮೇಲೆ ಬಿದ್ದರು. ಹುಡುಗ ಕಾಣದಾದ. ಆದರೆ ಆ ರಾಶಿಯ ಅಡಿಯಿಂದ, ನೆಲಮಾಳಿಗೆಯಿಂದ ಬಂದಂತೆ, "ಕಬಡ್ಡಿ ಕಬಡ್ಡಿ ಕಬಡ್ಡಿ" ಕೇಳುತ್ತಲೇ ಇತ್ತು. ರಾಶಿಯೇ ಗೆರೆಯ ಕಡೆಗೆ ಅಂಗುಲ ಅಂಗುಲವಾಗಿ ಜರುಗತೊಡಗಿತು. ಒಂದು ಎಡಗೈ ಹೊರಗೆ ಬಂದು ಗರಸನ್ನು ಬಾಚಿತು. ನಿರ್ಣಾಯಕರು ಮಣಕಾಲೂರಿ ರಾಶಿಗೆ ಕಿವಿ ಹಚ್ಚಿದರು. ಆಯ್ಕೆಗಾರ್ತಿ ತಾವು ನೋಡುತ್ತಿದ್ದ ಅಂಕಣವನ್ನು ಬಿಟ್ಟು ಇತ್ತ ಬಂದರು.

ಗೇಣಿನಷ್ಟು ದೂರ ಉಳಿದಿತ್ತು. ರೇಡಿನ ಅವಧಿ ಮುಗಿದು ಸೀಟಿ ಆಯಿತು. ಎಡಚ ಔಟು, ನಾವು ಸೋತೆವು. ಅವನ ದನಿ ಮಾತ್ರ ಇನ್ನೂ ನಿಂತಿರಲಿಲ್ಲ.

"ಮುಗೀತೋ ತಮ್ಮಾ," ಎಂದು ನಿರ್ಣಾಯಕರು ರಾಶಿಯೊಳಗೆ ಬಗ್ಗಿ ಹೇಳಿದರು. "ಇನ್ನ ಸಾಕ ಮಾಡು."

ಮಾಸ್ತರರು ಓಡಿ ಬಂದು ನನ್ನ ಕೈ ಹಿಡಿದು, "ಕಾಕಾ, ನೋಡಿದ್ರೇನ್ರಿ ನಮ್ಮ ಚೌಕ!" ಎಂದರು. ದುಂಡನು ಅದಾಗಲೇ ತನ್ನ ಚಕ್ಕುಲಿಯ ಮಹಿಮೆಯನ್ನು ಸುತ್ತಲಿನವರಿಗೆ ವಿವರಿಸುತ್ತಿದ್ದ. ಬಿಟ್ಟ ಉಸಿರಿನಿಂದಲೇ ಇದು ನಡೆಯಿತೆಂದು ನಾನು ಹೇಳಬಹುದಿತ್ತು. ಆದರೆ ಗೆಳೆಯನ ಮುಖ ನೋಡಿ ಹುಡುಗನ ಅಂಜಿಕೆ ಹೋಗಿ ಉಸಿರು ಇಳಿಯಿತೋ, ಉಸಿರು ಇಳಿದದ್ದರಿಂದ ಅಂಜಿಕೆ ಹೋಯಿತೋ ಎಂಬುದನ್ನು ನಾನು ಅಳೆದಿಲ್ಲ. ಅಳೆಯದ್ದನ್ನು ಇತರರು ಹೇಳಿದಾಗ ಒಪ್ಪದವನು, ನಾನೇ ಹೇಳಿದೆನೆಂಬ ಕಾರಣಕ್ಕೆ ಒಪ್ಪಲಾಗದು.

ಮೇಲೆ ಬಿದ್ದವರೆಲ್ಲ ಎದ್ದ ಮೇಲೆ ಎಡಚ ಎದ್ದು ನಿಂತ. ಆಯ್ಕೆಗಾರ್ತಿ ಅವನ ಮುಂದೆ ಬಂದು ನಿಂತರು. ಈಗ ಅವರ ಮುಖದಲ್ಲಿ ಭಾವವಿತ್ತು. ಅವರು ನಗು ತಡೆಯುತ್ತಿದ್ದರು.

"ಬರೂ ವರ್ಷ ನಮ್ಮ ಹಾಸ್ಟೆಲಿಗೆ ಬರ್ತೀಯೇನೋ?"

ಅವನು ಬಾಯಿ ತೆರೆದ. ಏನೂ ಬರಲಿಲ್ಲ. ಮುಖ, ಕಿವಿ, ಮೂಗಿನ ತುದಿಯವರೆಗೆ ಗರಸಿನ ಕೆಂಪು. ಒಳಗೆ ಒಂದು ಅಕ್ಷರಕ್ಕೆ ಆಗುವಷ್ಟೂ ಗಾಳಿಯಿಲ್ಲ. ತಲೆಯನ್ನು ಮಾತ್ರ ಹೌದು ಹೌದೆಂದು ಅಲ್ಲಾಡಿಸಿದ.

"ಗಡಿಬಿಡಿ ಬ್ಯಾಡ," ಎಂದರು ಅವರು. "ಮೊದಲ ಉಸಿರು ತಗೋ."

ಅಷ್ಟು ದಿನ ಆ ಮಾತಿನೊಡನೆ ಜಗಳವಾಡಿದ್ದ ನಾನು ಅಂದು ಅದನ್ನು ಒಪ್ಪಿಕೊಂಡೆ. ಹುಡುಗನು ಹೊಟ್ಟೆಯಿಂದ, ಬೆನ್ನಿನಿಂದ, ಅಂಗಾಲಿನಿಂದ ಎಂಬಂತೆ ಒಂದು ಉಸಿರು ಎಳೆದುಕೊಂಡು, ತನ್ನ ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಶಾಲೆ, ಊರು, ಅಂಚೆ, ತಾಲೂಕು, ಜಿಲ್ಲೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಆಯ್ಕೆಗಾರ್ತಿ ಪೆನ್ನಿನ ಟೊಪ್ಪಿಗೆಯನ್ನೂ ತೆಗೆದಿರಲಿಲ್ಲ.